ಬಾಟ್ಲಿಯಲ್ಲಿ ಮಿಕ್ಕ ಮದ್ದು

ಆ ಕುರ್ಚಿಯನ್ನು ಗುಲಾಬಿ ದಿನಕ್ಕೆ ಹದಿನೈದು ಸಲ ಒರೆಸುತ್ತಿದ್ದಳು. ತಲೆ ಇಡುವ ಜಾಗ, ಕೈ ಇಡುವ ಜಾಗ, ಕಾಲು ಚಾಚುವ ಜಾಗ. ಪಕ್ಕದ ಬೋಗುಣಿಯಲ್ಲಿ ಜನ ಉಗುಳಿದ ರಕ್ತ, ಎಂಜಲು, ಹಲ್ಲಿನ ಚೂರು ತೊಳೆಯುತ್ತಿದ್ದಳು. ಇಕ್ಕಳಗಳನ್ನು ಉಜ್ಜಿ ಕುದಿಸುವ ಪೆಟ್ಟಿಗೆಗೆ ಹಾಕುತ್ತಿದ್ದಳು. ಮದ್ದಿನ ನೀರು ತಾಗಿ ತಾಗಿ ಬೆರಳ ತುದಿಯ ಚರ್ಮ ಎದ್ದಿತ್ತು. ಊಟಕ್ಕೆ ಕೂತು ಸಾರಿಗೆ ಕೈ ಹಾಕಿದರೆ ಉರಿ. ಮೂಡುಬಿದಿರೆಯ ಶಶಿಕಿರಣ ಡಾಕ್ಟರ ಹಲ್ಲಿನ ಕ್ಲಿನಿಕ್ಕಿನಲ್ಲಿ ಆರು ವರ್ಷದಿಂದ ಅವಳದ್ದು ಇದೇ ಕೆಲಸ. ಆ ಆರು ವರ್ಷದಲ್ಲಿ ಕುರ್ಚಿಯಲ್ಲಿ ಯಾರ್ಯಾರೋ ಕೂತು ಎದ್ದರು. ಅವಳ ಮಗಳು ಯಶ್ವಿತಾ ಮಾತ್ರ ಕೂರಲಿಲ್ಲ.

ಯಶ್ವಿತಾಳಿಗೆ ಏಳು ವರ್ಷ. ಹುಟ್ಟುವಾಗಲೇ ಹೃದಯದಲ್ಲಿ ತೂತು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗುತ್ತದೆ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಉಸಿರು ಹುಡುಕುತ್ತಾಳೆ. ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸರ್ಕಾರದ ಕಾರ್ಡಿನ ಮೇಲೆ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಆದರೆ ಒಂದು ಷರತ್ತು. ಬಾಯಲ್ಲಿ ಹುಳುಕು ಹಲ್ಲು ಇರಬಾರದು. ಹಲ್ಲಿನ ಕೀವು ರಕ್ತಕ್ಕೆ ಇಳಿದು ಹೃದಯದಲ್ಲಿ ಹೋಗಿ ಕೂರುತ್ತದಂತೆ. ಹಲ್ಲಿನ ಡಾಕ್ಟರು ಬಾಯಿ ಸರಿ ಮಾಡಿ ಕಾಗದ ಬರೆದುಕೊಡಬೇಕು. ಕಾಗದ ಇಲ್ಲದಿದ್ದರೆ ಆ ದಿನ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತದೆ, ಮತ್ತೆ ಸರದಿ ಬರಲು ಆರು ತಿಂಗಳು. ಆರು ತಿಂಗಳು ಮಗು ತಡೆದೀತೇ ಎಂದು ಗುಲಾಬಿ ಕೇಳಿದ್ದಳು. ಕೌಂಟರಿನಲ್ಲಿದ್ದವಳು ಮುಂದಿನ ಹೆಸರು ಕರೆದಳು.

ಯಶ್ವಿತಾಳ ಎರಡು ದವಡೆ ಹಲ್ಲು ಬುಡದವರೆಗೆ ಕಪ್ಪಾಗಿದ್ದವು. ವರ್ಷಗಟ್ಟಲೆ ಕುಡಿಸಿದ್ದು ಸಕ್ಕರೆ ಪಾಕದಂಥ ಮದ್ದು. ಕುಡಿಸಿದ ಮೇಲೆ ಬಾಯಿ ತೊಳೆಸಬೇಕು ಅಂತ ಯಾರೂ ಹೇಳಿರಲಿಲ್ಲ. ಈಗ ಹೇಳುವವರಿಗೆ ಬರವಿಲ್ಲ. ಬೆಳ್ತಂಗಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಮಗುವಿನ ಬಾಯಿ ತೆರೆಸುವ ಮೊದಲು ಫೈಲು ತೆರೆದರು, ಮುಚ್ಚಿದರು. "ಹಲ್ಲು ಉಜ್ಜಿಸ್ಲಿಕ್ಕೂ ಆಗುದಿಲ್ವಾ ನಿಮಗೆ?" ಎಂದರು. ಬಂಟ್ವಾಳದಲ್ಲಿ ಇನ್ನೊಬ್ಬರು ಮಂಗಳೂರಿಗೆ ಬೆರಳು ತೋರಿಸಿದರು. ಮಂಗಳೂರಿನಲ್ಲಿ ಹೃದಯದ ಡಾಕ್ಟರ ಪತ್ರ ಬೇಕು ಎಂದರು. ಪತ್ರ ತಂದರೆ, ಪೂರ್ತಿ ಮಂಪರು ಕೊಟ್ಟೇ ಕೀಳಬೇಕು, ಅದಕ್ಕೆ ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಒಬ್ಬರಿಗೆ ಹಲ್ಲು ತೆಗೆಯದೆ ಹೃದಯ ಬೇಡ, ಇನ್ನೊಬ್ಬರಿಗೆ ಹೃದಯ ಸರಿಯಾಗದೆ ಹಲ್ಲು ಬೇಡ. ನಡುವೆ ಹದಿನಾಲ್ಕು ಕಿಲೋದ ಒಂದು ಮಗು.

ಮಂಗಳೂರಿನ ಆ ಹಲ್ಲಿನ ಆಸ್ಪತ್ರೆಯ ಕ್ಯೂನಲ್ಲಿ ಖದೀಜ ಸಿಕ್ಕಿದ್ದು. ಪಾಣೆಮಂಗಳೂರಿನವಳು. ಅವಳ ಮಗಳು ಮಿಸ್ರಿಯಾಳಿಗೆ ಕಿಡ್ನಿ ಕಾಯಿಲೆ, ಕೆನ್ನೆ ಊದಿಕೊಂಡಿತ್ತು, ಅವಳ ಹಲ್ಲನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು, ಒಂದೇ ಪೊಟ್ಟಣದ ಬಿಸ್ಕತ್ತು ಮಕ್ಕಳಿಗೆ ಹಂಚಿದರು, ಫೋನು ನಂಬರು ಕೊಟ್ಟುಕೊಂಡರು. ಆದರೂ ಖದೀಜಳ ಟೋಕನ್ನು ತನ್ನದಕ್ಕಿಂತ ಒಂದು ಮುಂದೆ ಇದೆ ಎಂದು ಕಂಡ ಕೂಡಲೇ ಗುಲಾಬಿ ತನ್ನ ಟೋಕನ್ನನ್ನು ಮತ್ತೊಮ್ಮೆ ನೋಡಿಕೊಂಡಳು. ಇವಳ ಕೆಲಸ ಆಗಿ ನನ್ನದು ನಿಂತರೆ? ಖದೀಜ ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಜೋಲು ಮುಖ ಹೊತ್ತು ಹೊರಗೆ ಬಂದಳು. ಗುಲಾಬಿಗೆ ಒಂದು ಗಳಿಗೆ ಸಮಾಧಾನವಾಯಿತು. ಅಂಥ ಸಮಾಧಾನ ಪಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ತನ್ನ ಡಾಕ್ಟರನ್ನೇ ಕೇಳಿದ್ದಳು. ಮೊದಲೇ ಕೇಳಬಹುದಿತ್ತಲ್ಲ? ಕೇಳಲು ಬಾಯಿ ಬರಲಿಲ್ಲ. ದಿನಾ ಎಂಜಲು ತೊಳೆಯುವ ಜಾಗದಲ್ಲಿ ಬೇಡುವುದಕ್ಕೆ ಬಾಯಿ ಅಷ್ಟು ಬೇಗ ಬರುವುದಿಲ್ಲ.

"ನಮ್ಮದು ಸಣ್ಣ ಕ್ಲಿನಿಕ್ ಗುಲಾಬಿ. ಹಾರ್ಟಿನ ಮಕ್ಕಳನ್ನು ಇಲ್ಲಿ ಮುಟ್ಟುವ ಹಾಗೇ ಇಲ್ಲ. ಏನಾದ್ರೂ ಆದ್ರೆ ನಾನು ಬೋರ್ಡು ಇಳಿಸ್ಬೇಕಾಗ್ತದೆ," ಎಂದರು ಡಾಕ್ಟರು.

ಅವಳು ನಂಬಿದಳು. ಮುಟ್ಟುವ ಹಾಗಿಲ್ಲ ಎಂದಮೇಲೆ ಯಾರಿಗೂ ಇಲ್ಲ ಎಂದುಕೊಂಡಳು. ವಾಮದಪದವಿನಲ್ಲಿ ಯಶ್ವಿತಾಳ ಶಾಲೆಗೇ ಈ ಡಾಕ್ಟರು ಉಚಿತ ದಂತ ಶಿಬಿರಕ್ಕೆ ಹೋಗಿದ್ದರು. ಬೋಗುಣಿ ಹೊತ್ತು ಗುಲಾಬಿಯೂ ಹೋಗಿದ್ದಳು. ಸಾಲಿನಲ್ಲಿ ನಿಂತ ತನ್ನ ಮಗಳ ಬಾಯಿಗೆ ಡಾಕ್ಟರು ಟಾರ್ಚು ಬಿಟ್ಟು, ಏನೂ ಹೇಳದೆ ಒಂದು ಬ್ರಷ್ಷು ಕೊಟ್ಟು, ಫೋಟೋಕ್ಕೆ ನಗು ಎಂದದ್ದನ್ನು ನೋಡಿದ್ದಳು. ಆ ಫೋಟೋ ಈಗಲೂ ಕ್ಲಿನಿಕ್ಕಿನ ಗೋಡೆಯಲ್ಲಿದೆ. ಅದರ ಧೂಳನ್ನೂ ಅವಳೇ ಒರೆಸಬೇಕು.

ಒರೆಸುವಾಗ ಹೊಟ್ಟೆಕಿಚ್ಚು ಬರುತ್ತಿತ್ತು. ಯಾರ ಮೇಲೆ ಅಂತ ಇಲ್ಲ. ಹಲ್ಲು ಬೆಳ್ಳಗೆ ಮಾಡಿಸಲು ಬಂದ ಮದುಮಗಳ ಮೇಲೆ. ಐಸ್‌ಕ್ರೀಮ್ ತಿಂದು ಹಲ್ಲು ಜುಂ ಅನ್ನುತ್ತದೆಂದು ಬಂದ ಮೇಷ್ಟ್ರ ಮೇಲೆ. ಎಲ್ಲಕ್ಕಿಂತ ಹೆಚ್ಚು ಸಂಪತ್‌ಕುಮಾರರ ಮಗಳು ತ್ರಿಶಾಳ ಮೇಲೆ. ಸಂಪತ್‌ಕುಮಾರರು ಪೇಟೆಯ ದೊಡ್ಡ ವ್ಯಾಪಾರಸ್ಥರು. ತ್ರಿಶಾಳ ಮುಂದಿನ ಹಲ್ಲು ಒಂದು ಅಕ್ಕಿಕಾಳಿನಷ್ಟು ಸೊಟ್ಟ. ಅದಕ್ಕೆ ಎರಡು ವರ್ಷ ತಂತಿ. ತಿಂಗಳಿಗೊಮ್ಮೆ ಬಂದು ತಂತಿಗೆ ಹಾಕುವ ರಬ್ಬರಿನ ಬಣ್ಣ ಆರಿಸುತ್ತಿದ್ದಳು. ಒಮ್ಮೆ ಕೆಂಪು, ಒಮ್ಮೆ ಹಸಿರು. ಹೋದ ತಿಂಗಳು ನೀಲಿ ಬೇಕೆಂದಳು. ಆರಿಸದೆಯೇ ನೀಲಿಯಾಗುವ ಒಂದು ಬಾಯಿ ಗುಲಾಬಿಯ ಮನೆಯಲ್ಲಿತ್ತು. ಆ ಹುಡುಗಿ ಒಳ್ಳೆಯವಳೇ. ಗುಲಾಬಿಯಕ್ಕ ಎಂದು ಕರೆಯುತ್ತಿದ್ದಳು, ಉಗುಳಿದ ಮೇಲೆ ತಾನೇ ನೀರು ಬಿಡುತ್ತಿದ್ದಳು. ಒಳ್ಳೆಯವಳಾದದ್ದರಿಂದ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಗುತ್ತಿತ್ತು.

ಯಶ್ವಿತಾ ಪ್ರತಿ ಸಂಜೆ ಕೇಳುತ್ತಿದ್ದಳು, "ಇವತ್ತು ಕುರ್ಚಿಯಲ್ಲಿ ಯಾರು ಕೂತದ್ದಮ್ಮ?" ಬಟನ್ ಒತ್ತಿದರೆ ಮೇಲೆ ಹೋಗುವ, ಹಿಂದೆ ಮಲಗುವ ಆ ಕುರ್ಚಿ ಅವಳಿಗೆ ಜಾತ್ರೆಯ ತೊಟ್ಟಿಲಿಗಿಂತ ದೊಡ್ಡದು. ಹಲ್ಲು ನೋವಿರುವ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಅವಳು ಎಲ್ಲರ ಹೆಸರು ಕೇಳಿಸಿಕೊಳ್ಳುತ್ತಿದ್ದಳು.

ಆಸ್ಪತ್ರೆಗೆ ಸೇರಬೇಕಾದ ದಿನಕ್ಕೆ ಸರಿಯಾಗಿ ಒಂದು ವಾರ ಮೊದಲು, ಸೋಮವಾರ, ತ್ರಿಶಾಳ ತಾಯಿ ಅನಂತಮತಿ ಮಗನನ್ನು ಕರೆದುಕೊಂಡು ಬಂದರು. ರಿಷಭ್, ಆರು ವರ್ಷ. ಹಲ್ಲು ನೋವು. ಮೆಟ್ಟಿಲು ಹತ್ತಿ ಬಂದವನೇ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಗುಲಾಬಿಯ ಕೈಯ ಬಟ್ಟೆ ಅಲ್ಲೇ ನಿಂತಿತು. ಆ ಕೂರುವಿಕೆ ಅವಳಿಗೆ ಗೊತ್ತು. ಆ ತುಟಿಯ ಬಣ್ಣವೂ ಗೊತ್ತು.

"ಇವನಿಗೆ ಹಾರ್ಟಲ್ಲಿ ತೂತುಂಟಲ್ಲ, ಮುಂದಿನ ತಿಂಗಳು ಬೆಂಗಳೂರಲ್ಲಿ ಆಪರೇಷನ್. ಅದಕ್ಕಿಂತ ಮೊದಲು ಹಲ್ಲು ತೆಗೆಸ್ಬೇಕಂತೆ," ಎಂದರು ಅನಂತಮತಿ.

ಗುಲಾಬಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಸಂತೋಷವೇ ಆಯಿತು. ಈಗ ಇವರಿಗೂ ಇಲ್ಲ ಎನ್ನುತ್ತಾರೆ, ಇವರೂ ಮೆಟ್ಟಿಲು ಇಳಿಯುತ್ತಾರೆ, ಆ ರೇಷ್ಮೆಯಂಥ ಮುಖವೂ ಒಮ್ಮೆ ಬಾಡುತ್ತದೆ. ಒಂದು ಕಾಯಿಲೆ ಮಗುವಿನ ಬಗ್ಗೆ ಹೀಗೆ ಯೋಚಿಸಿದಳು ಅವಳು.

ಡಾಕ್ಟರು ಇಲ್ಲ ಎನ್ನಲಿಲ್ಲ. ಹೃದಯದ ಡಾಕ್ಟರ ನಂಬರು ಕೇಳಿ ಪಡೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರು. ತಾವೇ ಫೋನು ಮಾಡಿದರು. ಎರಡು ನಿಮಿಷ. ಹೂಂ, ಹೂಂ, ಸರಿ ಸಾರ್. ಹುಡುಗನನ್ನು ತೂಕದ ಯಂತ್ರದಲ್ಲಿ ನಿಲ್ಲಿಸಿದರು. ಹದಿನಾರು ಕಿಲೋ. ಹಲ್ಲಿನ ಕೀವು ಹೃದಯಕ್ಕೆ ಹೋಗದ ಹಾಗೆ ತಡೆಯುವ ಪುಡಿಮದ್ದಿನ ಬಾಟ್ಲಿಯನ್ನು ಮದ್ದಿನ ಅಂಗಡಿಯಿಂದ ತರಿಸಿ ನೀರು ಬೆರೆಸಿ ಕುಲುಕಿದರು.

"ಗುಲಾಬಿ, ಕಿಲೋಗೆ ಒಂದು ಎಂಎಲ್. ಹದಿನಾರು ಅಳೆದು ಕುಡಿಸು. ಮತ್ತೆ ಗಡಿಯಾರ ನೋಡು. ಸರೀ ಒಂದು ಗಂಟೆ ಆದ ಮೇಲೆ ಹೇಳು."

ಅವಳೇ ಅಳೆದಳು. ಅವಳೇ ಕುಡಿಸಿದಳು. ಅವಳೇ ಒಂದು ಗಂಟೆ ಅವನ ಪಕ್ಕ ಕೂತು ಕಾಗದದ ದೋಣಿ ಮಾಡಿಕೊಟ್ಟಳು. ಗಂಟೆಯಾಯಿತು ಎಂದು ಅವಳೇ ಹೇಳಿದಳು. ಹತ್ತು ನಿಮಿಷದಲ್ಲಿ ಹಲ್ಲು ಹೊರಗೆ. ರಿಷಭನ ಅಂಗಿಗೆ ಡಾಕ್ಟರು ನಕ್ಷತ್ರದ ಸ್ಟಿಕ್ಕರ್ ಅಂಟಿಸಿದರು. ಅವನು ಉಗುಳಿದ ರಕ್ತವನ್ನು ಗುಲಾಬಿ ತೊಳೆದಳು. ಅವಳ ಮಗಳದ್ದೂ ಇದೇ ಬಣ್ಣ.

"ಫ್ರಿಜ್ಜಲ್ಲಿ ಆ ಬಾಟ್ಲಿ ಉಂಟಲ್ಲ, ಬಿಸಾಡು. ಒಂದು ವಾರ ಕಳೆದ್ರೆ ಆಗುದಿಲ್ಲ ಅದು," ಎಂದು ಹೇಳಿ ಡಾಕ್ಟರು ಊಟಕ್ಕೆ ಹೋದರು.

ಇಷ್ಟೇ. ಒಂದು ಫೋನು, ಒಂದು ಬಾಟ್ಲಿ, ಒಂದು ಗಂಟೆ. ಬೆಳ್ತಂಗಡಿ, ಬಂಟ್ವಾಳ, ಮಂಗಳೂರು ಎಂದು ಅವಳು ಮಗುವನ್ನು ಸೊಂಟದಲ್ಲಿ ಹೊತ್ತು ಬಸ್ಸು ಹತ್ತಿ ಇಳಿದದ್ದೆಲ್ಲ ಈ ಇಷ್ಟಕ್ಕೆ. ಮುಟ್ಟಬಾರದ ರೋಗವೇನೂ ಆಗಿರಲಿಲ್ಲ ಅದು.

ಆ ಸಂಜೆ ಯಶ್ವಿತಾ ಕೇಳಿದಳು, "ಇವತ್ತು ಯಾರು ಕೂತದ್ದಮ್ಮ?"

"ಒಬ್ಬ ಹುಡುಗ. ನಿನ್ನ ಹಾಗೆಯೇ."

"ನನ್ನ ಹಾಗೆ ನೀಲಿ ಆಗ್ತಾನಾ?"

"ಆಗ್ತಾನೆ."

"ಆದ್ರೂ ಕೂರಿಸಿದ್ರಾ?"

ಗುಲಾಬಿ ಊಟದ ತಟ್ಟೆ ಸರಿಸಿ ಎದ್ದು ಹೋದಳು. ಕೆಂಪುಕಲ್ಲಿನ ಕೋರೆಯಿಂದ ಬಂದು ಕಾಲು ತೊಳೆಯುತ್ತಿದ್ದ ಗಂಡ ಚಿನ್ನಯ್ಯ ಏನೆಂದು ಕೇಳಿದ. ಅವನಿಗೆ ಹೇಳಿದಳು. "ಇನ್ನೊಮ್ಮೆ ಕೇಳು. ಕೈ ಮುಗಿದು ಕೇಳು," ಎಂದ.

ಮಂಗಳವಾರ ಕೈ ಮುಗಿದೇ ಕೇಳಿದಳು. "ಡಾಕ್ಟ್ರೇ, ರಿಷಭನದ್ದೂ ಅದೇ ಕಾಯಿಲೆ ಅಲ್ವಾ? ಅವನಿಗೆ ಮಾಡಿದ ಹಾಗೆ..."

"ಅದು ಬೇರೆ ಗುಲಾಬಿ. ಸಂಪತ್‌ಕುಮಾರರು ಹಳೇ ಪರಿಚಯ. ನಾಳೆ ಹೆಚ್ಚುಕಡಿಮೆ ಆದ್ರೂ ಅರ್ಥ ಮಾಡಿಕೊಳ್ತಾರೆ. ನೀವೆಲ್ಲ ಹಾಗಲ್ಲ, ಗಲಾಟೆ ಮಾಡ್ತೀರಿ. ಮತ್ತೆ ನಿನ್ನ ಮಗುವನ್ನು ಕೂರಿಸಿದೆ ಅಂತ ಇಟ್ಕೋ. ನಾಡಿದ್ದು ನಿನ್ನ ಕಾಲೊನಿ ಇಡೀ ಬಾಗಿಲಲ್ಲಿ ನಿಲ್ತದೆ. ನಾನು ಎಂತ ಮಾಡ್ಲಿ ಹೇಳು?"

ಅವಳು ಮುಗಿದ ಕೈ ಇಳಿಸಿ ಬಟ್ಟೆ ಹಿಡಿದಳು. ಆದರೆ ಬಾಟ್ಲಿಯನ್ನು ಬಿಸಾಡಲಿಲ್ಲ. ಫ್ರಿಜ್ಜಿನಲ್ಲಿ, ಹಲ್ಲಿನ ಅಚ್ಚು ತೆಗೆಯುವ ಪುಡಿಯ ಡಬ್ಬಿಯ ಹಿಂದೆ, ಅದು ನಿಂತಿತು. ದಿನಾ ಒಮ್ಮೆ ಬಾಗಿಲು ತೆಗೆದು ನೋಡುತ್ತಿದ್ದಳು. ಅದೇ ಹೆಸರಿನ ಮದ್ದನ್ನು ಯಶ್ವಿತಾಳಿಗೆ ಜ್ವರ ಬಂದಾಗ ಆರೋಗ್ಯ ಕೇಂದ್ರದಲ್ಲಿ ಎರಡು ಸಲ ಕೊಟ್ಟಿದ್ದರು. ಹೊಸತೇನಲ್ಲ ಮಗುವಿಗೆ. ಗುರುವಾರ ರೇಷನ್ ಅಂಗಡಿಯ ತಕ್ಕಡಿಯಲ್ಲಿ ಮಗಳನ್ನು ಅಕ್ಕಿಯ ಮೂಟೆ ಇಡುವ ಜಾಗದಲ್ಲಿ ನಿಲ್ಲಿಸಿ ತೂಗಿದಳು. ಹದಿನಾಲ್ಕು ಕಿಲೋ. ಶುಕ್ರವಾರ ಖದೀಜಳ ನೆನಪಾಯಿತು. ಫೋನು ಎತ್ತಿದಳು, ಮತ್ತೆ ಇಟ್ಟಳು. ಇರುವುದು ಒಂದೇ ಕುರ್ಚಿ. ಮೊದಲು ನನ್ನ ಮಗಳು ಕೂರಲಿ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಕ್ಲಿನಿಕ್ಕಿನ ಬೀಗ ತೆಗೆದಳು. ಬೀಗದ ಕೈ ಇರುವುದು ಅವಳ ಹತ್ತಿರವೇ. ಜೊತೆಗೆ ಯಶ್ವಿತಾ, ಶಾಲೆಯ ಯೂನಿಫಾರ್ಮಿನಲ್ಲಿ, ಎರಡು ಜಡೆ ಹಾಕಿ. ಡಾಕ್ಟರು ಬರುವುದು ಹತ್ತಕ್ಕೆ. ಒಂಬತ್ತಕ್ಕೆ ಸರಿಯಾಗಿ ಗುಲಾಬಿ ಬಾಟ್ಲಿ ತೆಗೆದು ಕುಲುಕಿದಳು. ಅಳೆಯುವಾಗ ಒಂದೆರಡು ಹನಿ ನೆಲಕ್ಕೆ ಬಿತ್ತು. ಮತ್ತೆ ಅಳೆದಳು. ಹದಿನಾಲ್ಕು. ಮಗಳ ಬಾಯಿಗೆ ಹಿಡಿದಳು. ಇನ್ನು ಹಿಂದೆ ಹೋಗುವ ದಾರಿ ಇಲ್ಲ ಎಂದು ಆಗ ಗೊತ್ತಾಯಿತು. ಒಂದು ಗಂಟೆ ಅಲ್ಲೇ ಕೂತು ಮಗಳ ಮುಖ ನೋಡಿದಳು, ಮೈ ನೋಡಿದಳು, ಮದ್ದು ಒಗ್ಗದೆ ದದ್ದು ಎದ್ದಿದೆಯೇ ಎಂದು ತೋಳು ಮಡಚಿ ನೋಡಿದಳು. ನಡುವೆ ಫೋನು ಕೈಗೆತ್ತಿಕೊಂಡು ಒಬ್ಬರಿಗೆ ಕರೆ ಮಾಡಿ ನಾಲ್ಕು ಮಾತು ಆಡಿದಳು. ಆಮೇಲೆ ಕುರ್ಚಿಯನ್ನು ಒರೆಸಿದಳು. ತಲೆ ಇಡುವ ಜಾಗ, ಕೈ ಇಡುವ ಜಾಗ, ಕಾಲು ಚಾಚುವ ಜಾಗ. ಮಗಳನ್ನು ಎತ್ತಿ ಕೂರಿಸಿದಳು. ಮಗುವಿನ ಕಾಲು ಕುರ್ಚಿಯ ಅರ್ಧಕ್ಕೂ ಬರಲಿಲ್ಲ.

ಹತ್ತಕ್ಕೆ ಡಾಕ್ಟರು ಬಂದರು. ಅವರ ಹಿಂದೆಯೇ ತ್ರಿಶಾ, ಅನಂತಮತಿ. ಆ ದಿನ ರಬ್ಬರು ಬದಲಿಸುವ ದಿನ.

"ಇದೆಂತ ಗುಲಾಬಿ?"

"ನನ್ನ ಮಗಳು. ಮದ್ದು ಕುಡಿದು ಸರೀ ಒಂದು ಗಂಟೆ ಆಯ್ತು ಡಾಕ್ಟ್ರೇ."

"ಯಾವ ಮದ್ದು?"

"ರಿಷಭನ ಬಾಟ್ಲಿಯದ್ದು."

ಡಾಕ್ಟರ ಮುಖ ಕೆಂಪಾಯಿತು. "ಕದ್ದೆಯಾ?"

"ನೀವು ಬಿಸಾಡು ಅಂದ್ರಿ. ನಾನು ನನ್ನ ಮಗಳ ಬಾಯಿಗೆ ಬಿಸಾಡಿದೆ."

"ತಲೆ ಸರಿ ಉಂಟಾ ನಿನಗೆ? ಮಗುವಿಗೆ ಏನಾದ್ರೂ ಆಗಿದ್ರೆ? ಅಳತೆ ಗೊತ್ತುಂಟಾ ನಿನಗೆ?"

"ನೀವೇ ಕಲಿಸಿದ್ದು. ಕಿಲೋಗೆ ಒಂದು. ಅವನು ಹದಿನಾರು, ಇವಳು ಹದಿನಾಲ್ಕು. ಅವನಿಗಿಂತ ದೊಡ್ಡವಳು, ಆದ್ರೂ ಎರಡು ಕಿಲೋ ಕಡಿಮೆ."

"ಎಬ್ಬಿಸು ಮೊದಲು. ತ್ರಿಶಾ ಬಂದಿದ್ದಾಳೆ. ಕುರ್ಚಿ ಒರೆಸು."

"ಎಬ್ಬಿಸುದಿಲ್ಲ."

ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಹೊಸತು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಆಡಿದ್ದು ಹೂಂ, ಆಯ್ತು, ತರ್ತೇನೆ, ತೊಳೆದೆ.

"ಕೆಲಸ ಬೇಡವಾ ನಿನಗೆ?"

"ಕೆಲಸ ಬೇಕು. ಮಗಳೂ ಬೇಕು. ಇವತ್ತಿಗೆ ಮಗಳು. ನಾಡಿದ್ದು ಸೋಮವಾರ ಡಾಕ್ಟ್ರೇ. ಅದು ದಾಟಿದ್ರೆ ಆರು ತಿಂಗಳು. ಆರು ತಿಂಗಳಲ್ಲಿ ಇವಳು ಇರ್ತಾಳೆ ಅಂತ ಒಂದು ಕಾಗದದಲ್ಲಿ ಬರೆದು ಸೀಲು ಹಾಕಿ ಕೊಡಿ, ಈಗಲೇ ಎತ್ತಿಕೊಂಡು ಹೋಗ್ತೇನೆ. ರಿಷಭನ ಹಾರ್ಟಿನ ಡಾಕ್ಟ್ರ ನಂಬರು ಗೋಡೆಯಲ್ಲೇ ಉಂಟು. ನೀವೇ ಬರೆದದ್ದು. ನಮ್ಮ ಕಾಗದದಲ್ಲಿಯೂ ಒಂದು ಡಾಕ್ಟ್ರ ನಂಬರುಂಟು. ಯಾವುದಕ್ಕೆ ಬೇಕಾದ್ರೂ ಮಾಡಿ. ಗಂಟೆ ದಾಟ್ತಾ ಉಂಟು."

ಡಾಕ್ಟರು ಅವಳ ತೋಳು ಹಿಡಿದು ಸರಿಸಲು ಬಂದರು. ಗುಲಾಬಿ ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಚರ್ಮ ಎದ್ದ ಬೆರಳುಗಳು ಬಿಡಲಿಲ್ಲ.

ಆಗ ಬಾಗಿಲ ಬಳಿಯಿಂದ ಅನಂತಮತಿ ಮೆಲ್ಲಗೆ ಕೇಳಿದರು, "ಈ ಮಗುವಿಗೂ ನಮ್ಮ ರಿಷಭನ ಹಾಗೆಯಾ? ಹಾಗಾದ್ರೆ ಒಮ್ಮೆ ಫೋನು ಮಾಡಿ ಕೇಳಿ ಡಾಕ್ಟ್ರೇ. ನಮಗೇನೂ ಅವಸರ ಇಲ್ಲ, ನಾವು ಕಾಯ್ತೇವೆ."

ಡಾಕ್ಟರ ಕೈ ಸಡಿಲವಾಯಿತು. "ಹೌದಾ... ಸರಿ, ನೀವು ಹೇಳ್ತೀರಿ ಅಂದ್ರೆ ನೋಡುವ," ಎಂದರು.

ಗುಲಾಬಿಯ ಹೊಟ್ಟೆ ಮತ್ತೆ ಉರಿಯಿತು. ಈ ಸಲ ಎಲ್ಲಕ್ಕಿಂತ ಹೆಚ್ಚು. ಕೈ ಮುಗಿದು ಹೇಳಿದ್ದು ಕೇಳಲಿಲ್ಲ, ಕೂಗಿ ಹೇಳಿದ್ದು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದು ಕೇಳಿತು. ಅವರಿಗೆ ಕಾಯುವಷ್ಟು ದಿನಗಳೂ ಉಂಟು, ಬೇರೆಯವರಿಗೆ ಕೊಡುವಷ್ಟೂ ಉಂಟು. ಅನಂತಮತಿ ಒಳ್ಳೆಯ ಮಾತೇ ಆಡಿದ್ದು. ಅವರಿಗೆ ಕೃತಜ್ಞಳಾಗಬೇಕು ಎಂದು ಗುಲಾಬಿಗೆ ಗೊತ್ತಿತ್ತು. ಆಗಲಿಲ್ಲ. ಈ ಹೆಂಗಸಿನ ಗಂಟಲಲ್ಲಿರುವ ಆ ಮೆಲುದನಿ ತನಗೆ ಯಾಕಿಲ್ಲ ಎಂದಷ್ಟೇ ಅನ್ನಿಸಿತು.

ಡಾಕ್ಟರು ಯಶ್ವಿತಾಳ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದರು. ಆ ಕಡೆಯ ದನಿ ಹೊರಗೆ ಕೇಳುವಷ್ಟು ಗಟ್ಟಿಯಿತ್ತು. ಮದ್ದು ಕೊಟ್ಟದ್ದು ಸರಿಯೇ, ಅಳತೆಯೂ ಸರಿಯೇ, ಜಾಗ ಮಾತ್ರ ಮರಗಟ್ಟಿಸಿ ತೆಗೆಯಿರಿ, ರಕ್ತ ನಿಂತ ಮೇಲೆ ಕಳಿಸಿ. ಆಮೇಲೆ ಆ ದನಿ ಕೇಳಿತು, "ಇಷ್ಟು ದಿನ ಯಾಕೆ ಕಾದಿರಿ?"

ಶಶಿಕಿರಣ ಡಾಕ್ಟರು ಫೋನು ಇಟ್ಟು ಸೂಜಿಗೆ ಮದ್ದು ತುಂಬಿದರು.

ಸೂಜಿ ಚುಚ್ಚುವಾಗ ಯಶ್ವಿತಾ ಅಮ್ಮನ ಹೆಬ್ಬೆರಳನ್ನು ಹಿಡಿದಳು. ಅಳಲಿಲ್ಲ. ಅತ್ತರೆ ನೀಲಿಯಾಗುತ್ತೇನೆ ಎಂದು ಆ ಮಗು ಅಳುವುದನ್ನು ಎಂದೋ ಬಿಟ್ಟಿತ್ತು. ಮೊದಲ ಹಲ್ಲು ಬಂತು, ಕಪ್ಪು ಚೂರಿನ ಹಾಗೆ. ಎರಡನೆಯದು ಬುಡದಲ್ಲಿ ಕೀವು ಸಮೇತ ಬಂತು. ಹತ್ತಿ ಕಚ್ಚಿಸಿದರು. ಅರ್ಧ ಗಂಟೆ ನೋಡಿದರು. ರಕ್ತ ನಿಂತಿತು. ಅವಳು ಬೋಗುಣಿಗೆ ಬಾಗಿ ಉಗುಳಿದಳು.

"ಗುಲಾಬಿ, ಬೋಗುಣಿ ತೊಳಿ," ಎಂದರು ಡಾಕ್ಟರು. ಅಭ್ಯಾಸ.

"ಮೊದಲು ಕಾಗದ," ಎಂದಳು ಗುಲಾಬಿ.

ಬರೆದರು. ಸೀಲು ಹಾಕಿದರು. ಅವಳು ಅಕ್ಷರ ಅಕ್ಷರ ಓದಿ, ಮಗಳ ಹೆಸರು ಸರಿಯಿದೆಯೇ ನೋಡಿ, ಮಡಚಿ ರವಿಕೆಯೊಳಗೆ ಇಟ್ಟಳು. ಸ್ಟಿಕ್ಕರಿನ ಡಬ್ಬಿ ಮೇಜಿನ ಮೇಲೆಯೇ ಇತ್ತು. ಡಾಕ್ಟರು ಮುಟ್ಟಲಿಲ್ಲ. ಗುಲಾಬಿ ತಾನೇ ಮುಚ್ಚಳ ತೆಗೆದು ಎರಡು ನಕ್ಷತ್ರ ಆರಿಸಿದಳು. ಎರಡು ಹಲ್ಲಿಗೆ ಎರಡು. ಮಗಳ ಯೂನಿಫಾರ್ಮಿಗೆ ಅಂಟಿಸಿದಳು.

ಡಾಕ್ಟರು ದನಿ ತಗ್ಗಿಸಿದರು. "ಆದದ್ದು ಆಯ್ತು. ಕೆಲಸದಿಂದ ತೆಗೆಯುದಿಲ್ಲ. ಆದ್ರೆ ಒಂದು ಮಾತು. ಇಂಥ ಮಕ್ಕಳಿಗೆ ಇಲ್ಲಿ ಮಾಡ್ತಾರೆ ಅಂತ ಹೊರಗೆ ಯಾರಿಗೂ ಹೇಳ್ಬೇಡ ಮಾರಾಯ್ತಿ."

ಗುಲಾಬಿ ಹೋಗಿ ಬಾಗಿಲು ತೆಗೆದಳು. ಹೊರಗೆ ಬೆಂಚಿನಲ್ಲಿ ಅನಂತಮತಿ, ತ್ರಿಶಾ. ಅವರ ಪಕ್ಕದಲ್ಲಿ, ಪಾಣೆಮಂಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಖದೀಜ. ಮಡಿಲಲ್ಲಿ ಕೆನ್ನೆ ಊದಿದ ಮಿಸ್ರಿಯಾ. ಖದೀಜಳ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಕಿಡ್ನಿ ಡಾಕ್ಟರ ಫೋನು ನಂಬರು. ಗುಲಾಬಿ ಬೆಳಿಗ್ಗೆ ಫೋನಿನಲ್ಲಿ ಹೇಳಿದ ಹಾಗೆಯೇ ಬರೆಸಿಕೊಂಡು ಬಂದಿದ್ದಳು.

"ಹೇಳಿ ಆಯ್ತು ಡಾಕ್ಟ್ರೇ," ಎಂದಳು ಗುಲಾಬಿ.

ಮಗಳನ್ನು ಎತ್ತಿ ಇಳಿಸಿದಳು. ಬೋಗುಣಿ ತೊಳೆದಳು. ಬಟ್ಟೆ ತೆಗೆದುಕೊಂಡು ಕುರ್ಚಿ ಒರೆಸಿದಳು. ತಲೆ ಇಡುವ ಜಾಗ, ಕೈ ಇಡುವ ಜಾಗ, ಕಾಲು ಚಾಚುವ ಜಾಗ. ಯಾರೂ ಒರೆಸು ಎಂದಿರಲಿಲ್ಲ.

"ಬಾ ಮಿಸ್ರಿಯಾ, ಕೂತುಕೋ," ಎಂದಳು.